ಉಪ್ಪುನೀರಿನ ಮೊದಲ ದೊಡ್ಡ ಟ್ಯಾಂಕ್: ಏನೋ ಸರಿ ಇಲ್ಲ ಅನಿಸಿದಾಗ ಎಲ್ಲಿಂದ ಹುಡುಕಬೇಕು?

ನನ್ನ ಮೊದಲ ಉಪ್ಪುನೀರಿನ ಟ್ಯಾಂಕ್ 400 ಲೀಟರಿನದು. ಅದಕ್ಕೆ ಬಂದ ಮೊದಲ ದೊಡ್ಡ ಕಷ್ಟದ ಕಾರಣ ಒಂದು ಗಾಳಿಗುಳ್ಳೆ. ನೀರಿನ ಉಪ್ಪು ಅಳೆಯುವ, ಮುಳ್ಳು ತೂಗಾಡುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಇರುತ್ತದಲ್ಲ, ಅದರ ಮುಳ್ಳಿಗೆ ಗುಂಡುಪಿನ್ನಿನ ತಲೆಯಷ್ಟು ಗುಳ್ಳೆ ಅಂಟಿಕೊಂಡಿತ್ತು. ಗುಳ್ಳೆ ಮುಳ್ಳನ್ನು ಮೇಲಕ್ಕೆ ಎತ್ತಿ, ಉಪ್ಪು ಜಾಸ್ತಿ ಅಂತ ತೋರಿಸಿತು. ನಾನು ನಂಬಿ ಸಿಹಿನೀರು ಸುರಿದೆ. ಮರುದಿನವೂ ಜಾಸ್ತಿ ತೋರಿಸಿತು, ಮತ್ತೆ ಸುರಿದೆ. ಮೂರನೇ ದಿನ ಬಸವನಹುಳುಗಳು ಮರಳಿನ ಮೇಲೆ ಅಂಗಾತ ಬಿದ್ದಿದ್ದವು. ಮೀಟರಿಗೆ ಬೆರಳಿನಿಂದ ಎರಡು ಸಲ ತಟ್ಟಿದ್ದರೆ ಸಾಕಿತ್ತು.

ಆಗಿನಿಂದ ನಾನು ಒಂದೇ ಕ್ರಮ ಪಾಲಿಸುತ್ತೇನೆ. ಮೊದಲು ಅಳೆಯುವ ಸಾಧನದ ಮೇಲೆ ಅನುಮಾನ. ಆಮೇಲೆ ಪಂಪು, ಹೀಟರುಗಳ ಮೇಲೆ. ಆಮೇಲೆ ನೀರಿನ ಮೇಲೆ. ಎಲ್ಲಕ್ಕಿಂತ ಕೊನೆಗೆ ಮೀನಿನ ಮೇಲೆ. ಹೊಸಬರು ಸಾಮಾನ್ಯವಾಗಿ ಇದನ್ನು ಉಲ್ಟಾ ಮಾಡುತ್ತಾರೆ. ಮೀನು ಮಂಕಾದರೆ ಸಾಕು, ಬಾಟಲಿ ಔಷಧಿ ಹುಡುಕಿಕೊಂಡು ಹೊರಡುತ್ತಾರೆ.

ಇನ್ನೊಂದು ಮಾತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದನ್ನು ಬರೆದಿಡಿ. ಮೂರು ಕೆಲಸ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಅಂತ ಗೊತ್ತೇ ಆಗುವುದಿಲ್ಲ.

## ನೀರಿಗೆ ಕೈ ಹಾಕಿದರೆ ಜುಮ್ ಅನ್ನುತ್ತದೆ

ಇದನ್ನು ನಾಳೆ ನೋಡೋಣ ಅನ್ನುವ ಹಾಗಿಲ್ಲ, ಅದಕ್ಕೇ ಮೊದಲು ಬರೆಯುತ್ತಿದ್ದೇನೆ. ಉಪ್ಪುನೀರು ಸಿಹಿನೀರಿಗಿಂತ ಎಷ್ಟೋ ಪಟ್ಟು ಸಲೀಸಾಗಿ ಕರೆಂಟ್ ಹರಿಸುತ್ತದೆ. ಬೆರಳಲ್ಲಿ ಗೀರು ಇದ್ದಾಗ ಮಾತ್ರ ಚುರ್ ಅಂದರೂ ‘ಗಾಯಕ್ಕೆ ಉಪ್ಪು ತಾಗಿತು’ ಅಂತ ಬಿಡಬೇಡಿ.

ಕೈ ಹೊರಗೆ ತೆಗೆದು ಒರೆಸಿಕೊಳ್ಳಿ. ಪ್ಲಗ್ ಮುಟ್ಟುವ ಮೊದಲು ಆ ಲೈನಿನ ಮೇನ್ ಸ್ವಿಚ್ ಆಫ್ ಮಾಡಿ. ಆಮೇಲೆ ಎಲ್ಲ ಪ್ಲಗ್ ಕಿತ್ತು, ಸಾಧನಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ. ಹೀಟರಿನ ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕು, ಒಳಗೆ ನೀರಿನ ಹನಿ, ಸುಲಿದ ವೈರು, ಪಂಪಿನ ಮೈಮೇಲೆ ಉಬ್ಬು ಅಥವಾ ತುಕ್ಕಿನ ಕಲೆ ಕಂಡರೆ ಆ ಸಾಧನ ಕಸಕ್ಕೆ. ಅಂಟು ಹಾಕಿ ರಿಪೇರಿ ಮಾಡುವ ಯೋಚನೆ ಬೇಡ.

ಟ್ಯಾಂಕಿನ ಲೈನಿಗೆ 30 ಮಿಲಿಯಾಂಪ್ ಕರೆಂಟ್ ಸೋರಿದರೆ ತಾನೇ ಟ್ರಿಪ್ ಆಗುವ ಸ್ವಿಚ್, ಅಂದರೆ ಆರ್‌ಸಿಡಿ ಇದ್ದರೆ, ಕೈ ನೀರಿನಿಂದ ದೂರವಿಟ್ಟು ಸಾಧನಗಳನ್ನು ಒಂದೊಂದೇ ಚಾಲೂ ಮಾಡಿ. ಯಾವುದಕ್ಕೆ ಟ್ರಿಪ್ ಆಗುತ್ತದೋ ಅದೇ ಕಳ್ಳ. ಆರ್‌ಸಿಡಿ ಇಲ್ಲದಿದ್ದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಿ. ಇನ್ನು ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಗೆ ಇಳಿದು, ಆಮೇಲೆ ಮೇಲೇರಬೇಕು. ಹಾಗಿದ್ದರೆ ವೈರಿನ ಮೇಲೆ ಜಾರಿ ಬಂದ ನೀರು ಸಾಕೆಟ್ಟಿಗೆ ಹೋಗದೆ ಕೆಳಗಿನ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

## ಕ್ಯಾಬಿನೆಟ್ ಒದ್ದೆಯಾಗಿದೆ

ಟ್ಯಾಂಕೇ ಒಡೆಯಿತು ಅಂತ ಎದೆ ಧಸಕ್ ಅನ್ನುತ್ತದೆ. ಹತ್ತರಲ್ಲಿ ಎಂಟು ಸಲ ಅದಾಗಿರುವುದಿಲ್ಲ.

ಮೊದಲು ಅದು ಯಾವ ನೀರು ಅಂತ ನೋಡಿ. ಒಂದು ಹನಿಯನ್ನು ಕಪ್ಪು ತಟ್ಟೆಯ ಮೇಲಿಟ್ಟು ಒಣಗಲು ಬಿಡಿ. ಬಿಳಿ ಹರಳು ಉಳಿದರೆ ಟ್ಯಾಂಕಿನ ನೀರು. ಏನೂ ಉಳಿಯದಿದ್ದರೆ ಆವಿ ತಣಿದು ಕೂತ ನೀರು, ಇಲ್ಲವೇ ಸಿಹಿನೀರು ತುಂಬುವ ಕೊಳವೆಯ ಸೋರಿಕೆ.

ಉಪ್ಪುನೀರೇ ಆಗಿದ್ದರೆ ಎಲ್ಲವನ್ನೂ ಒರೆಸಿ. ಪೈಪಿನ ಪ್ರತಿ ಜೋಡಣೆಯ ಕೆಳಗೆ, ಗಾಜಿನ ಪ್ರತಿ ಮೂಲೆಯ ಬುಡದಲ್ಲಿ ಒಂದೊಂದು ಟಿಶ್ಯೂ ತುಂಡು ಇಡಿ. ಒಂದು ಗಂಟೆ ಬಿಟ್ಟು ನೋಡಿ. ಬಹಳಷ್ಟು ಸಲ ಒದ್ದೆಯಾಗಿರುವುದು ಪೈಪಿನ ಕೆಳಗಿನದು. ಗಾಜು ಕೊರೆದು ಪೈಪು ಕೂರಿಸಿದ ಕಡೆ ವಾಷರ್ ಸರಿಯಾಗಿ ಕೂತಿರುವುದಿಲ್ಲ. ಕೈಯಿಂದ ಕಾಲು ಸುತ್ತು ಬಿಗಿ ಮಾಡಿ. ಸ್ಪ್ಯಾನರ್ ಹಾಕಿ ತಿರುಗಿಸಿದರೆ ಗಾಜೇ ಸೀಳಬಹುದು.

ಎಲ್ಲೂ ಒದ್ದೆ ಇಲ್ಲ, ಆದರೆ ಅಂಚಿನಲ್ಲಿ ಬಿಳಿ ಉಪ್ಪು ಹೂಕೋಸಿನ ಹಾಗೆ ಬೆಳೆದಿದೆ ಅಂದರೆ ಅದು ಗುಳ್ಳೆ ಸಿಡಿದು ಹಾರಿದ ಹನಿ ಒಣಗಿ ಆದದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ. ವೈರು, ಸಾಕೆಟ್ಟಿನ ಹತ್ತಿರ ಬೆಳೆದಿದ್ದರೆ ಪ್ಲಗ್ ತೆಗೆದ ಮೇಲೆ ಒರೆಸಿ.

ಗಾಜಿನ ಮೂಲೆಯ ಟಿಶ್ಯೂ ಒದ್ದೆಯಾದರೆ ಮಾತ್ರ ಗಾಬರಿಗೆ ಅರ್ಥ ಇದೆ. ಹೀಟರ್ ಆಫ್ ಮಾಡಿ, ಸೋರುವ ಜಾಗಕ್ಕಿಂತ ಕೆಳಗೆ ಬರುವವರೆಗೆ ನೀರು ತೆಗೆದು, ಮೀನುಗಳನ್ನು ಬೇರೆ ತೊಟ್ಟಿಗೆ ಹಾಕಿ. ಹಳೆಯ ಸಿಲಿಕೋನಿನ ಮೇಲೆ ಹೊಸದನ್ನು ಬಳಿಯುವುದು ದಂಡ. ಒಮ್ಮೆ ಗಟ್ಟಿಯಾದ ಸಿಲಿಕೋನಿಗೆ ಹೊಸದು ಸರಿಯಾಗಿ ಕಚ್ಚುವುದಿಲ್ಲ. 400 ಲೀಟರ್ ಅಂದರೆ ನೀರೇ 400 ಕಿಲೋ. ಆ ಭಾರ ಹೊರುವ ಜಾಯಿಂಟಿನ ಮೇಲೆ ಮನೆ ವೈದ್ಯ ಬೇಡ, ಟ್ಯಾಂಕ್ ಮಾಡುವವರನ್ನು ಕರೆಯಿರಿ. ಅವರು ಬರುವ ಮೊದಲು ಮಟ್ಟಗೋಲು ಇಟ್ಟು ಸ್ಟ್ಯಾಂಡ್ ಓರೆಯಾಗಿದೆಯಾ ನೋಡಿಡಿ. ಓರೆ ಇದ್ದರೆ ಹೊಸ ಜಾಯಿಂಟೂ ಬಾಳಿಕೆ ಬರುವುದು ಕಷ್ಟ.

## ಕರೆಂಟ್ ಹೋದಾಗ ನೆಲದ ತುಂಬ ನೀರು

ಕೆಳಗಿನ ತೊಟ್ಟಿಯಿಂದ, ಅಂದರೆ ಸಂಪಿನಿಂದ, ಮೇಲಕ್ಕೆ ನೀರು ತಳ್ಳುವ ರಿಟರ್ನ್ ಪಂಪ್ ನಿಂತ ಕೂಡಲೇ ಅದೇ ಪೈಪಿನಲ್ಲಿ ನೀರು ಹಿಂದಕ್ಕೆ ಇಳಿಯುತ್ತದೆ. ಪೈಪಿನ ಬಾಯಿ ನೀರಿನಲ್ಲಿ ಎಷ್ಟು ಆಳ ಮುಳುಗಿದೆಯೋ ಅಷ್ಟೂ ನೀರು ಕೆಳಗೆ ಬರುತ್ತದೆ. ಪೈಪಿನಲ್ಲಿ ನೀರಿನ ಮಟ್ಟದ ಸ್ವಲ್ಪ ಕೆಳಗೆ ಒಂದು ಚಿಕ್ಕ ತೂತು ಇದ್ದರೆ ಅಲ್ಲಿ ಗಾಳಿ ಎಳೆದು ಹರಿವು ನಿಲ್ಲುತ್ತದೆ. ಆ ತೂತನ್ನು ಪಾಚಿಯೋ ಬಸವನಹುಳುವೋ ಮುಚ್ಚಿರಬಹುದು, ನೋಡಿ. ಒಮ್ಮುಖ ವಾಲ್ವ್ ಒಂದನ್ನೇ ನಂಬಬೇಡಿ. ಉಪ್ಪು, ಮರಳು ಸಿಕ್ಕಿಕೊಂಡರೆ ಅದು ಪೂರ್ತಿ ಮುಚ್ಚುವುದಿಲ್ಲ.

ಪರೀಕ್ಷೆಗೆ ಬೇಕೆಂದೇ ಪಂಪ್ ಆಫ್ ಮಾಡಿ, ಸಂಪಿನ ಪಕ್ಕದಲ್ಲಿ ಬಕೆಟ್ ಹಿಡಿದು ಕೂತುಕೊಳ್ಳಿ. ನೀರು ಎಲ್ಲಿಗೆ ಬಂದು ನಿಲ್ಲುತ್ತದೆ ನೋಡಿ. ಸಂಪು ತುಂಬುವ ಹಾಗಿದ್ದರೆ ಮಾಮೂಲಿ ಮಟ್ಟವನ್ನು ಅಷ್ಟು ಇಳಿಸಿ, ಅಲ್ಲಿಗೆ ಟೇಪಿನ ಗುರುತು ಹಾಕಿ.

## ಉಪ್ಪಿನ ಅಂಕಿ ದಿನಕ್ಕೊಂದು

ಹವಳ ಇಡುವವರಿಗೆ ಗುರಿ 35 ಪಿಪಿಟಿ (ಸಾವಿರ ಪಾಲು ನೀರಿನಲ್ಲಿ 35 ಪಾಲು ಉಪ್ಪು), ಸಾಪೇಕ್ಷ ಸಾಂದ್ರತೆಯಲ್ಲಿ ಸುಮಾರು 1.026. ಬರೀ ಮೀನಿದ್ದರೆ ಸ್ವಲ್ಪ ಕಡಿಮೆ ಇದ್ದರೂ ನಡೆಯುತ್ತದೆ. ಅಂಕಿಗಿಂತ ಅದರ ಏರಿಳಿತವೇ ಜಾಸ್ತಿ ಕಾಟ ಕೊಡುವುದು.

ಮುಳ್ಳಿನ ಮೀಟರ್ ಆದರೆ ತಟ್ಟಿ ಗುಳ್ಳೆ ಬಿಡಿಸಿ, ಬಳಸಿದ ಮೇಲೆ ಸಿಹಿನೀರಲ್ಲಿ ತೊಳೆಯಿರಿ. ಬೆಳಕಿನ ಬಾಗಿನಿಂದ ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್ ಆದರೆ ಬರೀ ಶುದ್ಧ ನೀರಿನಲ್ಲಿ ಸೊನ್ನೆಗೆ ಹೊಂದಿಸಿ ಬಿಡಬೇಡಿ. ಸೊನ್ನೆಯ ಹತ್ತಿರ ಸರಿ ಇರುವ ಮೀಟರ್ 35ರ ಹತ್ತಿರ ತಪ್ಪಿರಬಹುದು. 35 ಪಿಪಿಟಿ ಕ್ಯಾಲಿಬ್ರೇಷನ್ ದ್ರಾವಣದ ಒಂದು ಬಾಟಲಿ ಇಟ್ಟುಕೊಳ್ಳಿ. ನನ್ನ ಪ್ರಕಾರ ಇಡೀ ಸೆಟಪ್ಪಿನಲ್ಲಿ ಕೊಟ್ಟ ಹಣಕ್ಕೆ ಹೆಚ್ಚು ಕೆಲಸ ಮಾಡುವ ವಸ್ತು ಅದೇ.

ಮೀಟರ್ ಸರಿ ಇದ್ದೂ ಅಂಕಿ ಏರುತ್ತಿದ್ದರೆ ಕಾರಣ ಆವಿ. ನೀರು ಮಾತ್ರ ಆವಿಯಾಗುತ್ತದೆ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. 400 ಲೀಟರಿನಲ್ಲಿ 20 ಲೀಟರ್ ಆವಿಯಾಗಿ ಹೋದರೆ 35 ಇದ್ದದ್ದು 36.8 ಆಗುತ್ತದೆ. ಆ ಕೊರತೆಯನ್ನು ಉಪ್ಪುನೀರಿನಿಂದ ತುಂಬಿದರೆ ವಾರ ವಾರ ಏರುತ್ತಲೇ ಹೋಗುತ್ತದೆ. ಆವಿಯಾಗಿ ಹೋದದ್ದಕ್ಕೆ ಆರ್‌ಓ ಸಿಹಿನೀರು, ಕೊಳಾಯಿ ಹಾಕಿ ತೆಗೆದದ್ದಕ್ಕೆ ಉಪ್ಪುನೀರು. ಇಷ್ಟೇ ಲೆಕ್ಕ.

ಅಂಕಿ ಇಳಿಯುತ್ತಿದ್ದರೆ ನೀರು ಎಲ್ಲಿಂದಲೋ ಸೋರುತ್ತಿದೆ, ಇಲ್ಲವೇ ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರಿನ ಕಪ್ ಉಕ್ಕಿ ಹೊರಹೋಗುತ್ತಿದೆ, ನೀವು ಆ ಜಾಗಕ್ಕೆ ಸಿಹಿನೀರು ತುಂಬುತ್ತಿದ್ದೀರಿ. ಸರಿಪಡಿಸುವಾಗ ಅವಸರ ಬೇಡ, ದಿನಕ್ಕೆ ಒಂದು ಪಿಪಿಟಿ ಸಾಕು. ಉಪ್ಪಿನ ಪುಡಿಯನ್ನು ಜೀವಿಗಳಿರುವ ಟ್ಯಾಂಕಿಗೆ ನೇರವಾಗಿ ಸುರಿಯಲೇಬೇಡಿ. ಕರಗದ ಹರಳು ಬಿದ್ದ ಕಡೆ ಹವಳ ಸುಡುತ್ತದೆ.

## ನೀರು ಮಂಜು ಮಂಜು

ಮರಳು ಹಾಕಿದ ಮೊದಲ ಒಂದೆರಡು ದಿನವಾದರೆ ಅದು ದೂಳು. ಕೂತುಕೊಳ್ಳುತ್ತದೆ, ಬಿಡಿ.

ದಿನಗಳಾದ ಮೇಲೆ ಹಾಲು ಕಲಸಿದ ಹಾಗೆ ಆದರೆ ಹೀಟರನ್ನೂ ಪಂಪನ್ನೂ ನೋಡಿ. ಮೇಲೆ ಗಟ್ಟಿ ಬಿಳಿ ಪೊರೆ ಇದ್ದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಉದುರಿದೆ ಅಂತ. ಕ್ಷಾರೀಯತೆ (ಪಿಎಚ್ ಬೀಳದಂತೆ ತಡೆಯುವ ಗುಣ) ಏರಿಸುವ ಪುಡಿಯನ್ನು ಒಂದೇ ಸಲ ಜಾಸ್ತಿ ಹಾಕಿದಾಗ ಹೀಗಾಗುತ್ತದೆ. ಪುಡಿ ಹಾಕುವುದನ್ನು ನಿಲ್ಲಿಸಿ. ಪ್ಲಗ್ ತೆಗೆದು, ಪಂಪನ್ನು ಹೊರತಂದು ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿ ತೊಳೆಯಿರಿ. ವಿನೆಗರ್ ಜೊತೆ ಬ್ಲೀಚ್ ಮಾತ್ರ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ಬಿಳಿ ಪೊರೆ ಇಲ್ಲದಿದ್ದರೆ ಬ್ಯಾಕ್ಟೀರಿಯಾ ಉಕ್ಕಿರಬಹುದು. ಅದು ನೋಡಲು ಕೆಟ್ಟದಾಗಿದ್ದರೂ ತಾನಾಗಿ ಇಳಿಯುತ್ತದೆ. ಆದರೆ ನೀರಿನ ಆಮ್ಲಜನಕ ತಿನ್ನುತ್ತದೆ. ಹಾಗಾಗಿ ನೀರಿನ ಮೇಲ್ಮೈ ಚೆನ್ನಾಗಿ ಅಲುಗಾಡುವಂತೆ ಮಾಡಿ, ಊಟ ಕಡಿಮೆ ಮಾಡಿ.

ಮಂಜಲ್ಲ, ಸೂಜಿಮೊನೆಯಂಥ ಗುಳ್ಳೆಗಳಾ? ಹಾಗಾದರೆ ಸಂಪಿನಲ್ಲಿ ರಿಟರ್ನ್ ಪಂಪ್ ಇರುವ ಕೋಣೆಯ ನೀರು ಇಳಿದಿದೆಯಾ ನೋಡಿ. ಹೊಸ ಸ್ಕಿಮ್ಮರ್ ಕೂಡ ಮೊದಲ ಕೆಲವು ದಿನ ಗುಳ್ಳೆ ಉಗುಳುತ್ತದೆ, ಹುಚ್ಚಾಪಟ್ಟೆ ಉಕ್ಕುತ್ತದೆ. ದಿನಕ್ಕೆ ನಾಲ್ಕು ಸಲ ಅದರ ತಿರುಪು ತಿರುಗಿಸುತ್ತಾ ಕೂರಬೇಡಿ.

## ವಾರಗಳಾದರೂ ಅಮೋನಿಯಾ ಇಳಿಯುತ್ತಿಲ್ಲ

ಹೊಸ ಟ್ಯಾಂಕಿನಲ್ಲಿ ಅಮೋನಿಯಾವನ್ನು ನೈಟ್ರೈಟ್, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಎರಡನೇ ವಾರಕ್ಕೇ ಬೇಸರವಾದರೆ ಅದು ನಿಮ್ಮ ತೊಂದರೆ, ಟ್ಯಾಂಕಿನದಲ್ಲ.

ಆ ಅವಧಿ ದಾಟಿದ ಮೇಲೂ ಇಳಿಯದಿದ್ದರೆ ಕಿಟ್ಟಿನಿಂದ ಶುರುಮಾಡಿ. ಎಕ್ಸ್‌ಪೈರಿ ನೋಡಿ. ಈಗಷ್ಟೇ ಕಲಸಿದ, ಟ್ಯಾಂಕಿಗೆ ಹಾಕದ ಉಪ್ಪುನೀರನ್ನು ಅದೇ ಕಿಟ್ಟಿನಲ್ಲಿ ಅಳೆಯಿರಿ. ಅದಕ್ಕೂ ಅಷ್ಟೇ ಬಣ್ಣ ಬಂದರೆ ಕಿಟ್ ಕೆಟ್ಟಿದೆ, ಇಲ್ಲವೇ ನೀವು ಬಳಸುವ ನೀರಿನಲ್ಲೇ ಏನೋ ಇದೆ. ನಲ್ಲಿ ನೀರಿನಲ್ಲಿ, ಶುದ್ಧಿಗೆಂದು ಹಾಕುವ ಕ್ಲೋರಮೈನ್ ಇದ್ದರೆ ಅದು ಒಡೆದಾಗ ಅಮೋನಿಯಾ ಬರುತ್ತದೆ. ಆರ್‌ಓ ಡಿಐ ಘಟಕದ (ಉಳಿದ ಲವಣವನ್ನೂ ರೆಸಿನ್ನಿನಲ್ಲಿ ತೆಗೆಯುವ ಘಟಕ) ನೀರನ್ನು, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ ನೋಡಿ, ಸೊನ್ನೆ ಬರಬೇಕು. ಏರತೊಡಗಿದ್ದರೆ ಡಿಐ ರೆಸಿನ್ ಮುಗಿದಿದೆ.

ನೈಟ್ರೇಟ್ ಅಂಕಿ ಆಕಾಶಕ್ಕೇರಿದ್ದರೆ ನೈಟ್ರೈಟನ್ನೂ ಅಳೆಯಿರಿ. ನೈಟ್ರೈಟ್ ಇದ್ದಾಗ ಸಾಮಾನ್ಯ ಕಿಟ್‌ಗಳಲ್ಲಿ ನೈಟ್ರೇಟ್ ಸುಳ್ಳೇ ಜಾಸ್ತಿ ತೋರಿಸುತ್ತದೆ. ಉಪ್ಪುನೀರಿನಲ್ಲಿ ಕ್ಲೋರೈಡ್ ಇರುವುದರಿಂದ ನೈಟ್ರೈಟ್ ಮೀನಿಗೆ ಸಿಹಿನೀರಿನಲ್ಲಿದ್ದಷ್ಟು ವಿಷವಲ್ಲ. ಅಮೋನಿಯಾ ಹಾಗಲ್ಲ.

ಕಿಟ್ ಸರಿ, ನೀರೂ ಸರಿ ಅಂದರೆ ಮೂಗಿಗೆ ಕೆಲಸ ಕೊಡಿ. ಲೈವ್ ರಾಕನ್ನು, ಅಂದರೆ ಜೀವಿಗಳು ನೆಲೆಸಿದ ಬಂಡೆಗಳನ್ನು, ಒಂದೊಂದಾಗಿ ಎತ್ತಿ ಮೂಸಿ. ಒಳಗೆ ಏನಾದರೂ ಸತ್ತು ಕೊಳೆಯುತ್ತಿದ್ದರೆ ಮುಚ್ಚಿಡಲು ಆಗದಂಥ ನಾತ ಬರುತ್ತದೆ. ಕೈಗವಸು ಹಾಕಿಕೊಳ್ಳಿ.

## ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದೆ

ಕಾರಣ ಹುಡುಕುವ ಮೊದಲು ಗಾಳಿ ಕೊಡಿ. ಪಂಪಿನ ಮೂತಿಯನ್ನು ಮೇಲಕ್ಕೆ ತಿರುಗಿಸಿ, ಏರ್ ಪಂಪ್ ಇದ್ದರೆ ಹಾಕಿ. ಉಪ್ಪುನೀರು ಅದೇ ಬಿಸಿಯ ಸಿಹಿನೀರಿಗಿಂತ ಸುಮಾರು ಐದರಲ್ಲೊಂದು ಪಾಲು ಕಡಿಮೆ ಆಮ್ಲಜನಕ ಹಿಡಿಯುತ್ತದೆ. ಬಿಸಿ ಏರಿದಷ್ಟೂ ಇನ್ನೂ ಕಡಿಮೆ.

ಆಮೇಲೆ ಥರ್ಮಾಮೀಟರ್. ಹೀಟರಿನ ಡಿಸ್ಪ್ಲೇ ಅಲ್ಲ, ಬೇರೆಯದೇ ಒಂದು. 24ರಿಂದ 27 ಡಿಗ್ರಿ ಇರಬೇಕು. 30 ದಾಟಿದ್ದರೆ ಹೀಟರಿನ ಥರ್ಮೋಸ್ಟಾಟ್ ಆನ್ ಆದಲ್ಲೇ ಅಂಟಿಕೊಂಡಿರಬಹುದು. ಇದು ಹೀಟರುಗಳ ಹಳೇ ಚಾಳಿ. ಪ್ಲಗ್ ಕಿತ್ತು, ಫ್ಯಾನ್ ಗಾಳಿಯನ್ನು ನೀರಿನ ಮೇಲೆ ಬಿಡಿ. ಐಸ್ ಸುರಿದು ಗಬಕ್ಕನೆ ಇಳಿಸಬೇಡಿ. ಮುಂದಿನ ಸಲ ಒಂದು ದೊಡ್ಡ ಹೀಟರಿನ ಬದಲು ಎರಡು ಚಿಕ್ಕವನ್ನು ಹಾಕಿ, ಹೊರಗಿನ ಕಂಟ್ರೋಲರಿಗೆ ಜೋಡಿಸಿ. ಒಂದು ಅಂಟಿಕೊಂಡರೂ ಇಡೀ ಟ್ಯಾಂಕ್ ಬೇಯುವುದಿಲ್ಲ.

ಬಿಸಿ ಸರಿ ಇದ್ದರೆ ಅಮೋನಿಯಾ ಅಳೆಯಿರಿ. ಕಂಡರೆ ಅದೇ ಉಪ್ಪು, ಅದೇ ಬಿಸಿಯ ಹೊಸ ನೀರಿನಿಂದ ಕಾಲುಭಾಗದಿಂದ ಅರ್ಧದವರೆಗೆ ಬದಲಿಸಿ. ಇಲ್ಲೊಂದು ಬಲೆ ಇದೆ. ಪಿಎಚ್ ಕಮ್ಮಿ ಕಂಡಿತು ಅಂತ ಅದನ್ನು ಏರಿಸಲು ಹೋಗಬೇಡಿ. ಪಿಎಚ್ ಒಂದು ಅಂಕ ಏರಿದರೆ ವಿಷಕಾರಿ ರೂಪದ ಅಮೋನಿಯಾ ಹೆಚ್ಚೂ ಕಡಿಮೆ ಹತ್ತು ಪಟ್ಟಾಗುತ್ತದೆ.

ಗಾಳಿ, ಬಿಸಿ, ಅಮೋನಿಯಾ ಮೂರೂ ಸರಿ ಇದ್ದೂ ಏದುಸಿರು ನಿಲ್ಲದಿದ್ದರೆ ಆಗ ಕಿವಿರಿನ ರೋಗ ಅನ್ನಬಹುದು.

## ಮೈಮೇಲೆ ಬಿಳಿ ಚುಕ್ಕೆ, ಬಂಡೆಗೆ ಮೈ ತಿಕ್ಕುವುದು

ಟಾರ್ಚನ್ನು ಎದುರಿನಿಂದ ಅಲ್ಲ, ಪಕ್ಕದಿಂದ ಹಿಡಿದು ನೋಡಿ. ಉಪ್ಪಿನ ಕಾಳು ಅಂಟಿದ ಹಾಗೆ ಬಿಡಿಬಿಡಿ ಚುಕ್ಕೆ ಇದ್ದರೆ ಕ್ರಿಪ್ಟೋಕ್ಯಾರಿಯಾನ್, ಅಂದರೆ ಸಮುದ್ರದ ಇಕ್ ಅನ್ನುವ ಪರಾವಲಂಬಿ ರೋಗ. ಎಣಿಸಲಾಗದಷ್ಟು ನುಣುಪಾದ ಹಳದಿ-ಬೂದು ದೂಳು ಹಿಡಿದ ಹಾಗಿದ್ದು, ಉಸಿರಾಟ ಜೋರಾಗಿದ್ದರೆ ವೆಲ್ವೆಟ್ ಅನ್ನುವ ಇನ್ನೊಂದು ರೋಗ. ಇಕ್‌ನಲ್ಲಿ ಯೋಚಿಸಲು ಸ್ವಲ್ಪ ಸಮಯ ಸಿಗುತ್ತದೆ. ವೆಲ್ವೆಟ್ ಎರಡು ಮೂರು ದಿನದಲ್ಲಿ ಟ್ಯಾಂಕ್ ಖಾಲಿ ಮಾಡಬಲ್ಲದು. ಅನುಮಾನ ಬಂದ ದಿನವೇ ಜಲಚರಗಳ ವೈದ್ಯರನ್ನೋ ಪಳಗಿದವರನ್ನೋ ಕೇಳಿ.

ಇಕ್ ಚುಕ್ಕೆಗಳು ಕೆಲವು ದಿನದಲ್ಲಿ ಮಾಯವಾಗುತ್ತವೆ. ವಾಸಿಯಾಯಿತು ಅಂತ ಖುಷಿಪಡಬೇಡಿ. ಪರಾವಲಂಬಿ ಮೀನಿನಿಂದ ಉದುರಿ ಮರಳಿನಲ್ಲಿ ಮರಿ ಮಾಡಲು ಹೋಗಿದೆ, ಅಷ್ಟೇ. ಚಿಕಿತ್ಸೆ ಬೇರೆ ತೊಟ್ಟಿಯಲ್ಲೇ ಆಗಬೇಕು. ತಾಮ್ರದ ಔಷಧಿಯನ್ನು ಮುಖ್ಯ ಟ್ಯಾಂಕಿಗೆ ಹಾಕಿದರೆ ಸೀಗಡಿ, ಬಸವನಹುಳು, ಹವಳ ಸಾಯುತ್ತವೆ. ಬಂಡೆಯೂ ತಾಮ್ರ ಹೀರಿಕೊಂಡು ಆಮೇಲೆ ನಿಧಾನವಾಗಿ ಬಿಡುತ್ತಿರುತ್ತದೆ. ಎಲ್ಲ ಮೀನನ್ನೂ ತೆಗೆದು, ಮುಖ್ಯ ಟ್ಯಾಂಕನ್ನು ಸುಮಾರು 76 ದಿನ ಮೀನಿಲ್ಲದೆ ಬಿಡುವುದು ವಾಡಿಕೆ.

ಮೀನು ಆರಾಮಾಗಿದ್ದು ಸೀಗಡಿ, ಬಸವನಹುಳು ಮಾತ್ರ ಸಾಯುತ್ತಿದ್ದರೆ ಉಪ್ಪಿನ ಏರಿಳಿತ ನೋಡಿ. ಆಮೇಲೆ ಹಿತ್ತಾಳೆ ಅಥವಾ ತಾಮ್ರದ ಕೊಳಾಯಿ ತುಂಡು ನೀರಿಗೆ ತಾಗುತ್ತಿದೆಯಾ, ಕೋಣೆಯಲ್ಲಿ ಯಾರಾದರೂ ಸೊಳ್ಳೆ ಸ್ಪ್ರೇ ಹೊಡೆದರಾ ವಿಚಾರಿಸಿ.

## ಕಂದು ದೂಳು, ಕೆಂಪು ಹಾಸು, ಎಳೆ ಎಳೆ ಲೋಳೆ

ಹೊಸ ಟ್ಯಾಂಕಿನಲ್ಲಿ ಒರೆಸಿದರೆ ಹಾರುವ ಕಂದು ದೂಳು ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ನೀರಿನ ಸಿಲಿಕೇಟ್ ಮುಗಿದ ಹಾಗೆ ಅದೂ ಹೋಗುತ್ತದೆ. ಹಾಳೆಯ ಹಾಗೆ ಕಿತ್ತುಬರುವ ಕೆಂಪು-ನೇರಳೆ ಹಾಸು ಸೈನೋಬ್ಯಾಕ್ಟೀರಿಯಾ. ಕೊಳವೆಯಲ್ಲಿ ಹೀರಿ ತೆಗೆಯಿರಿ, ಆ ಮೂಲೆಗೆ ನೀರಿನ ಹರಿವು ಹೆಚ್ಚಿಸಿ, ಊಟ ಕಡಿಮೆ ಮಾಡಿ.

ತಲೆ ತಿನ್ನುವುದು ಮೂರನೆಯದು. ಕಂದು ಲೋಳೆ, ತುದಿಯಲ್ಲಿ ಗುಳ್ಳೆ, ರಾತ್ರಿ ಕಡಿಮೆ, ಮಧ್ಯಾಹ್ನಕ್ಕೆ ಮತ್ತೆ ಹಾಜರು. ಸ್ವಲ್ಪ ಲೋಳೆಯನ್ನು ಟ್ಯಾಂಕ್ ನೀರಿನ ಜೊತೆ ಬಾಟಲಿಯಲ್ಲಿ ಚೆನ್ನಾಗಿ ಕುಲುಕಿ, ಫಿಲ್ಟರ್ ಕಾಗದದಲ್ಲಿ ಸೋಸಿ, ಸೋಸಿದ ನೀರನ್ನು ಒಂದು ಗಂಟೆ ಬೆಳಕಿನಲ್ಲಿಡಿ. ಮತ್ತೆ ಒಂದಕ್ಕೊಂದು ಅಂಟಿ ಗಂಟಾದರೆ ಅದು ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ. ಇಲ್ಲಿ ಬುದ್ಧಿ ಉಲ್ಟಾ ಓಡಬೇಕು. ನೈಟ್ರೇಟ್, ಫಾಸ್ಫೇಟ್ ಸೊನ್ನೆಗೆ ಇಳಿದ ಟ್ಯಾಂಕುಗಳಲ್ಲೇ ಇದು ಹೆಚ್ಚು. ಶುಚಿ ಮಾಡಿದಷ್ಟೂ, ನೀರು ಬದಲಿಸಿದಷ್ಟೂ ಹೆಚ್ಚುತ್ತದೆ.

## ಪಿಎಚ್ ಯಾವಾಗಲೂ ಕಮ್ಮಿ

7.8ರಿಂದ 8.4ರ ಒಳಗಿದ್ದರೆ ಸುಮ್ನೆ ಬಿಡಿ. ಅದಕ್ಕಿಂತ ಕೆಳಗಿದ್ದರೆ ಒಂದು ಲೋಟ ಟ್ಯಾಂಕ್ ನೀರನ್ನು ಮನೆಯ ಹೊರಗಿಟ್ಟು ಏರ್ ಪಂಪಿನಿಂದ ಒಂದು ಗಂಟೆ ಗಾಳಿ ಊದಿ ಅಳೆಯಿರಿ. ಏರಿದರೆ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ ಇದೆ. ಔಷಧಿ ಬೇಕಿಲ್ಲ, ಕಿಟಕಿ ತೆಗೆಯಿರಿ. ಏರದಿದ್ದರೆ ಕ್ಷಾರೀಯತೆ ಅಳೆಯಿರಿ, 8ರಿಂದ 9 ಡಿಕೆಎಚ್ (ಕ್ಷಾರೀಯತೆಯ ಅಳತೆ) ಇರಲಿ.

## ರಾತ್ರಿ ಟಿಕ್ ಟಿಕ್ ಸದ್ದು, ಬಂಡೆಯಲ್ಲಿ ಗುರುತಿಲ್ಲದ ಜೀವ

ಸದ್ದು ಬಂದರೆ ಒಂದೊಂದು ಪಂಪನ್ನು ನಿಮಿಷ ನಿಲ್ಲಿಸಿ ಕೇಳಿ. ಎಲ್ಲ ನಿಲ್ಲಿಸಿದ ಮೇಲೂ ಟಿಕ್ ಅಂದರೆ ಬಂಡೆಯ ಜೊತೆ ಪಿಸ್ತೂಲ್ ಸೀಗಡಿಯೋ ಮ್ಯಾಂಟಿಸ್ ಸೀಗಡಿಯೋ ಬಂದಿದೆ. ಮೊದಲನೆಯದು ಪಾಪದ್ದು. ಎರಡನೆಯದು ಬಸವನಹುಳುಗಳನ್ನು ಒಡೆದು ತಿನ್ನುತ್ತದೆ, ಬೆರಳನ್ನೂ ಸೀಳುತ್ತದೆ. ಬರಿಗೈಲಿ ತಡಕಬೇಡಿ, ಊಟ ಇಟ್ಟು ಬಾಟಲಿ ಬಲೆಯಲ್ಲಿ ಹಿಡಿಯಿರಿ.

ಬಂಡೆಯ ಮೇಲೆ ಗುಂಡಿಯಂಥ ತಲೆ, ಸುತ್ತ ಚಿಕ್ಕ ಕುಚ್ಚು ಇರುವ ಪಾಲಿಥೋವಾ (ಹವಳದ ನಂಟಿನ ಜೀವಿ) ಗುಂಪು ಇದ್ದರೆ ಹುಷಾರು. ಅದನ್ನು ಕೊಲ್ಲಲೆಂದು ಬಂಡೆಯನ್ನು ಕುದಿಸುವುದು, ಬಿಸಿನೀರು ಹೊಯ್ಯುವುದು, ಒಣಗಿಸಿ ಬ್ರಷ್ ಹಾಕಿ ಉಜ್ಜುವುದು ಯಾವುದೂ ಬೇಡ. ಇವುಗಳಲ್ಲಿ ಕೆಲವುದರಲ್ಲಿ ಪಾಲಿಟಾಕ್ಸಿನ್ ಎಂಬ ಬಲವಾದ ವಿಷವಿದೆ. ಆವಿಯ ಜೊತೆ ಮೂಗಿಗೆ ಹೋದರೆ ಇಡೀ ಮನೆಯವರು ಆಸ್ಪತ್ರೆ ಸೇರಬೇಕಾಗುತ್ತದೆ, ಹಾಗೆ ಆದದ್ದೂ ಉಂಟು. ಮುಟ್ಟಲೇಬೇಕಾದರೆ ಕೈಗವಸು, ಕನ್ನಡಕ ಹಾಕಿ, ಬಂಡೆ ಒದ್ದೆಯಾಗಿರುವಾಗಲೇ ಇಡಿಯಾಗಿ ತೆಗೆಯಿರಿ. ಆಮೇಲೆ ಬಾಯಲ್ಲಿ ಲೋಹದ ರುಚಿ, ಜ್ವರ, ಮೈಕೈ ನೋವು, ಉಸಿರು ಕಟ್ಟುವುದು ಕಂಡರೆ ಹೊರಗಿನ ಗಾಳಿಗೆ ಬಂದು, ತಕ್ಷಣ ಆಸ್ಪತ್ರೆಗೆ ಹೋಗಿ. ಪಾಲಿಟಾಕ್ಸಿನ್ ಅನ್ನುವ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಿ, ವೈದ್ಯರೂ ಅದನ್ನು ದಿನಾ ನೋಡುವವರಲ್ಲ. ಇನ್ನು ಟ್ಯಾಂಕಿನಲ್ಲಿ ಕೈ ಗೀರಿಕೊಂಡು ವಾರಗಳ ಮೇಲೂ ಮಾಯದ ಕೆಂಪು ಗಂಟು ಉಳಿದರೆ, ಚರ್ಮದ ವೈದ್ಯರಿಗೆ ತೋರಿಸುವಾಗ ಮನೆಯಲ್ಲಿ ಅಕ್ವೇರಿಯಂ ಇದೆ ಅಂತ ಮೊದಲೇ ಹೇಳಿ.